ಬಾಯ್ಲರ್ ಕೋಣೆಯ ಜ್ಞಾನದೇವ

ಅಂಕಲಿಯ ಜ್ಞಾನದೇವ ಕಾಂಬಳೆಯ ಬಲಗೈಯನ್ನು ಮೊದಲ ಸಲ ನೋಡಿದವರು ಮೆಲ್ಲಗೆ ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದರು. ಕಿರುಬೆರಳು, ಉಂಗುರಬೆರಳು, ನಡುಬೆರಳು ಮೂರೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗೈಯ ಚರ್ಮ ಕರಗಿದ ಮೇಣ ಮತ್ತೆ ಗಟ್ಟಿಯಾದ ಹಾಗೆ ನುಣ್ಣಗೆ, ಬಿಳಿಚಾಗಿ ಹೊಳೆಯುತ್ತಿತ್ತು. ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಸುಟ್ಟುಕೊಂಡಿದ್ದಾನೆ ಎಂದೇ ಊರಿನ ಬಹಳ ಜನ ನಂಬಿದ್ದರು. 1978ರಿಂದ 2007ರವರೆಗೆ ಅವನು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡದ್ದೇನೋ ನಿಜ. ಆದರೆ ಕೈ ಸುಟ್ಟದ್ದು ಅಲ್ಲಿ ಅಲ್ಲ. ಅದು ಸುಟ್ಟದ್ದು 1971ನೆಯ ಇಸವಿ ಡಿಸೆಂಬರ್ 12ರ ಭಾನುವಾರ, ಯುದ್ಧ ನಡೆದಿದ್ದಾಗ, ಅರಬ್ಬೀ ಸಮುದ್ರದ ನಡುವೆ, ಐ.ಎನ್.ಎಸ್. ರಣಕೇಸರಿ ಎಂಬ ಡಿಸ್ಟ್ರಾಯರ್ ಹಡಗಿನ ಹೊಟ್ಟೆಯೊಳಗೆ. ಆ ಸೀಮೆಯಲ್ಲಿ ಇದನ್ನು ಜೊತೆಗಿದ್ದು ಬಲ್ಲವನು ಒಬ್ಬನೇ ಇದ್ದ. ಅವನೇ ಬೋರಗಾಂವದ ಕಾಕಾಸಾಹೇಬ ಮಗದುಮ್, ಅದೇ ಹಡಗಿನ ಮೇಲಟ್ಟದಲ್ಲಿ ದೀಪದಿಂದಲೂ ಬಾವುಟದಿಂದಲೂ ಸಂದೇಶ ಕಳಿಸುತ್ತಿದ್ದ ಸಿಗ್ನಲ್‌ಮನ್.

ರಣಕೇಸರಿ ಹೊಸ ಹಡಗೇನೂ ಆಗಿರಲಿಲ್ಲ. ಬ್ರಿಟಿಷರು ತಮ್ಮ ಮಹಾಯುದ್ಧಕ್ಕೆಂದು ಕಟ್ಟಿ, 1942ರ ಮಾರ್ಚ್ 3ರಂದು ನೀರಿಗಿಳಿಸಿದ ಹಡಗು ಅದು. ಉತ್ತರದ ಹಿಮಗಡಲಿನಲ್ಲಿ ಸರಕು ಹಡಗುಗಳಿಗೆ ಕಾವಲು ಹೋಗಿ, ಎರಡು ಸಲ ಪೆಟ್ಟು ತಿಂದು, ತೇಪೆ ಹಾಕಿಸಿಕೊಂಡು, ಕೊನೆಗೆ ಹೊಸ ಹೆಸರು ಹೊತ್ತು 1950ರ ಜನವರಿ 9ರಂದು ಮುಂಬಯಿ ಬಂದರಿಗೆ ಬಂದಿತ್ತು. 1961ರ ಡಿಸೆಂಬರ್ 18ರಂದು ಗೋವೆಯ ಮುಂದೆ ನಿಂತಿತ್ತು. 1965ರ ಸೆಪ್ಟೆಂಬರಿನಲ್ಲಿ ಯುದ್ಧ ನಡೆದಾಗ ಮಾತ್ರ ಡಾಕ್‌ಯಾರ್ಡಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಆ ವರ್ಷದ ಮಾತು ತೆಗೆದರೆ ಹಡಗಿನ ಹಳೆಯ ನಾವಿಕರು ತಮ್ಮದೇ ತಪ್ಪೇನೋ ಎಂಬಂತೆ ತಲೆ ತಗ್ಗಿಸುತ್ತಿದ್ದರು.

ಕಾಕಾಸಾಹೇಬ ಈ ಹಡಗು ಹತ್ತಿದ್ದು 1969ರ ಜೂನ್ 16ರಂದು, ಜ್ಞಾನದೇವ 1970ರ ಫೆಬ್ರುವರಿ 2ರಂದು. ಒಬ್ಬನಿಗೆ ಇಪ್ಪತ್ತೊಂದು ತುಂಬುವುದರಲ್ಲಿತ್ತು, ಇನ್ನೊಬ್ಬನಿಗೆ ಆಗಷ್ಟೇ ತುಂಬಿತ್ತು. ಬಂದ ದಿನವೇ ಜ್ಞಾನದೇವ ಕಬ್ಬಿಣದ ಏಣಿಯಲ್ಲಿ ತಲೆ ಬಡಿಸಿಕೊಂಡು ಆ ಏಣಿಯ ಏಳು ಪೀಳಿಗೆಯನ್ನು ಅಚ್ಚಗನ್ನಡದಲ್ಲಿ ಬೈದ. ಮೇಲಿನಿಂದ ಒಂದು ತಲೆ ಇಣುಕಿತು.

"ಯಾವೂರಾಂವಲೇ ನೀ?"

"ಅಂಕಲಿ. ಚಿಕ್ಕೋಡಿ ತಾಲೂಕು. ನೀ ಯಾವ ಸ್ವರ್ಗದಾಗಿಂದ ಮಾತಾಡಾಕತ್ತಿ?"

"ಬೋರಗಾಂವ."

"ಹಂಗಾರ ಕೆಳಗಿಳದ ಬಾ. ಸೀಮೀ ಮಂದಿ ಇಬ್ಬರ ಕೂಡಿ ಬೈದ್ರ ಈ ಏಣಿಗೆ ತಾಗತೈತಿ."

ಅಂದಿನಿಂದ ಹಡಗಿನ ಮೇಲೆ ಒಬ್ಬ 'ಕಾಕ್ಯಾ', ಇನ್ನೊಬ್ಬ 'ಗ್ಯಾನ್ಯಾ'. ಕಾಕ್ಯಾ ಜೈನರ ಮನೆಯವನು, ಗ್ಯಾನ್ಯಾ ಬೌದ್ಧರಾದ ದಲಿತರ ಕೇರಿಯವನು ಎಂಬುದು ಇಬ್ಬರಿಗೂ ಗೊತ್ತಿತ್ತು. ಊರಿನಲ್ಲಾಗಿದ್ದರೆ ಅದೊಂದೇ ಸಾಕಾಗುತ್ತಿತ್ತು. ಹಡಗಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಬ್ಬರ ಮೂಗಿನ ಮೇಲೆ ಇನ್ನೊಬ್ಬರ ಮಲಗುವ ಜೋಳಿಗೆ ತೂಗುವ ಕೋಣೆಯಲ್ಲಿ ಯಾರಿಂದ ಯಾರು ದೂರ ಕೂರಬೇಕು?

ಕಾಕಾಸಾಹೇಬನಿಗೆ ಅವನ ತಾಯಿ ಹೊರಡುವಾಗ ಒಂದು ವ್ರತ ಕೊಟ್ಟಿದ್ದಳು. ಎಲ್ಲೇ ಇರು, ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಬೇಡ ಎಂದು. ಬಂದರಿನಲ್ಲಿದ್ದಾಗ ಇದು ಹೇಗೋ ನಡೆಯುತ್ತಿತ್ತು. ಆದರೆ 1971ರ ಡಿಸೆಂಬರ್ 2ರ ಸಂಜೆ ರಣಕೇಸರಿ ಮುಂಬಯಿ ಬಿಟ್ಟಿತು. ಮರುದಿನ ಯುದ್ಧ ಹೊತ್ತಿಕೊಂಡಿತು. ರಾತ್ರಿಯ ಊಟ ಕತ್ತಲಾದ ಮೇಲೆಯೇ ಸಿಗುತ್ತಿತ್ತು. ಮೊದಲ ಎರಡು ಸಂಜೆ ಕಾಕಾಸಾಹೇಬ ಉಪವಾಸ ಬಿದ್ದ. ಮೂರನೆಯ ಸಂಜೆ ಜ್ಞಾನದೇವ ಒಂದು ಅಲ್ಯೂಮಿನಿಯಮ್ ತಾಟು ಹಿಡಿದು ಮೇಲಟ್ಟಕ್ಕೆ ಬಂದ. ಸಂಜೆಯ ಪಾಳಿಗೆ ಬಾಯ್ಲರ್ ಕೋಣೆಗೆ ಇಳಿಯುವವರಿಗೆ ಅಡುಗೆಯವನು ಬೇಗ ಬಡಿಸುತ್ತಿದ್ದ. ಅದು ಜ್ಞಾನದೇವನ ಪಾಲಿನ ಊಟ.

"ಅರ್ಧಾ ನಿಂದು, ಅರ್ಧಾ ನಂದು. ಲಗೂ ಲಗೂ ಉಣ್ಣಲೇ, ನಿಮ್ಮ ಸೂರ್ಯಾ ನೀರಾಗ ಕಾಲ ಇಟ್ಟಾನ."

"ನಿನಗ ಸಾಲೂದಿಲ್ಲಲೇ ಗ್ಯಾನ್ಯಾ. ಕೆಳಗ ಬೆಂಕ್ಯಾಗ ನಿಂದರಾಂವ ನೀ."

"ಸಾಲಲಿಲ್ಲಂದ್ರ ಆ ವೈರಿ ಸಬ್‌ಮರೀನ್‌ಗೆ ಸಿಗ್ನಲ್ ಮಾಡು. ಹೊತ್ತ ಮುಳಗೂದರೊಳಗ ಬಂದ ಹೋಗಪಾ, ನಮ್ಮ ಸ್ವಾಮಿಗಳ ಊಟಾ ಆಗಬೇಕು ಅಂತ."

ಒಂದೇ ತಾಟಿನಲ್ಲಿ ಎರಡು ಕೈ. ಆ ಯುದ್ಧದಲ್ಲಿ ಒಂದು ವಾರ ಅವರು ಹಾಗೆಯೇ ಉಂಡರು. ಡಿಸೆಂಬರ್ 9ರ ರಾತ್ರಿ ದೀವ್ ಕಡೆ ನಮ್ಮದೇ ಒಂದು ಹಡಗನ್ನು ವೈರಿಯ ಸಬ್‌ಮರೀನ್ ಮುಳುಗಿಸಿದ ಸುದ್ದಿ ಬಂದ ಮೇಲೆ ಹಡಗಿನಲ್ಲಿ ನಗು ಕಡಿಮೆಯಾಯಿತು. ತಾಟು ಮಾತ್ರ ತಪ್ಪಲಿಲ್ಲ.

ಡಿಸೆಂಬರ್ 12ರ ಮಧ್ಯಾಹ್ನ ನೀರೊಳಗೆ ಏನೋ ಇದೆಯೆಂದು ಸೋನಾರ್ ಯಂತ್ರ ಸೂಚಿಸಿತು. ರಣಕೇಸರಿ ತನ್ನ ಮುದಿ ಎಲುಬುಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ಪೂರ್ತಿ ವೇಗದಲ್ಲಿ ಓಡಿತು. ಹಿಂದಿನಿಂದ ಡೆಪ್ತ್ ಚಾರ್ಜ್ ಎಂಬ ಸಿಡಿಪೀಪಾಯಿಗಳು ನೀರಿಗೆ ಉರುಳಿ, ಆಳದಲ್ಲಿ ಒಡೆದು, ಸಮುದ್ರವನ್ನೇ ಮೇಲಕ್ಕೆ ಚಿಮ್ಮಿಸಿದವು. ಮೂರನೆಯ ಸುತ್ತಿನಲ್ಲಿ ಆ ಅದುರಿಗೆ ಬಾಯ್ಲರ್ ಕೋಣೆಯ ಉಗಿ ಕೊಳವೆಯ ಒಂದು ಕೀಲು ಸೀಳಿತು. ಮೇಲ್ವಿಚಾರಕ ಬಿದ್ದ. ಉಳಿದವರು ಏಣಿಯ ಕಡೆ ಓಡಿದರು. ಜ್ಞಾನದೇವ ಉಗಿಯೊಳಗೆ ಕೈ ಚಾಚಿ ವಾಲ್ವಿನ ಚಕ್ರ ಹಿಡಿದು, ಅದು ಪೂರ್ತಿ ಮುಚ್ಚುವವರೆಗೆ ತಿರುಗಿಸಿದ. ಹಾಗೆ ಮುಚ್ಚಿದ್ದರಿಂದಲೇ ಇನ್ನೊಂದು ಬಾಯ್ಲರ್ ಉಳಿಯಿತು, ಹಡಗು ನಿಲ್ಲಲಿಲ್ಲ. ಆ ನೀರಿನಲ್ಲಿ ನಿಂತ ಹಡಗಿನ ಗತಿ ಏನೆಂದು ಎಲ್ಲರಿಗೂ ಗೊತ್ತಿತ್ತು. ಸಬ್‌ಮರೀನಿಗೆ ಪೆಟ್ಟು ಬಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಆ ಸಂಜೆ ಮೇಲಟ್ಟಕ್ಕೆ ತಾಟು ಬರಲಿಲ್ಲ.

ಯುದ್ಧ ನಿಂತದ್ದು 17ರಂದು, ಹಡಗು ಬಂದರಿಗೆ ಮರಳಿದ್ದು 20ರಂದು. ಜ್ಞಾನದೇವ 1972ರ ಮಾರ್ಚ್‌ವರೆಗೆ ಆಸ್ಪತ್ರೆಯಲ್ಲಿದ್ದ. ರಜೆ ಸಿಕ್ಕಾಗಲೆಲ್ಲ ಕಾಕಾಸಾಹೇಬ ಹೋಗಿ, ಅವನ ತಾಟಿನಿಂದ ತುತ್ತು ಕಲಸಿ ಅವನ ಬಾಯಿಗಿಟ್ಟು, ಉಳಿದದ್ದನ್ನು ತಾನೇ ತಿಂದು ಬರುತ್ತಿದ್ದ. ರಣಕೇಸರಿಗೆ ಸೇವೆಯಿಂದ ಬಿಡುಗಡೆಯಾದದ್ದು 1976ರ ಜೂನ್ 30ರಂದು. ಆಮೇಲೆ ಅದನ್ನು ಒಡೆದು ಗುಜರಿಗೆ ಹಾಕಿದರು.

ಇಲ್ಲಿಯವರೆಗಿನ ಕಥೆಯನ್ನು ಕಾಕಾಸಾಹೇಬ ಯಾರ ಮುಂದೆ ಬೇಕಾದರೂ ಎದೆಯೆತ್ತಿ ಹೇಳುತ್ತಿದ್ದ. ಇದರ ಮುಂದಿನದನ್ನು ಎಂದೂ ಹೇಳಲಿಲ್ಲ.

1978ರ ಏಪ್ರಿಲ್ 23ರಂದು ಅಂಕಲಿಯಲ್ಲಿ ಜ್ಞಾನದೇವನಿಗೂ ಸುಂದರಾಳಿಗೂ ಮದುವೆಯಾಯಿತು. ರಜೆಯ ಮೇಲೆ ಬಂದಿದ್ದ ಕಾಕಾಸಾಹೇಬ ಹೊರಟ. ದಾರಿಯಲ್ಲಿ ಬಸ್ಸು ಕೆಟ್ಟಿತು, ತಲುಪಿದಾಗ ದೀಪ ಹಚ್ಚಿದ್ದರು. ಅಂಕಲಿಯಲ್ಲಿ ಬೋರಗಾಂವದವರ ನೆಂಟರು ಬೇಕಾದಷ್ಟು. ತಾನು ಆ ಕೇರಿಯಲ್ಲಿ ಉಂಡದ್ದು ಮರುದಿನವೇ ತನ್ನ ಮನೆ ಮುಟ್ಟುತ್ತದೆ ಎಂಬ ಅಂಜಿಕೆ ಬಸ್ಸಿಳಿಯುವಾಗಲೇ ಹಿಡಿದಿತ್ತು. ಹೊಸ ಮದುವಣಗಿತ್ತಿ ಎಲೆ ಹಾಕಿಸಹೋದಾಗ ಅವನು ಕೈ ಮುಗಿದು, "ಹೊತ್ತ ಮುಳಗೇತೆಲ್ಲವಾ ತಂಗಿ" ಎಂದ.

ಮೊದಲ ಸಲ ಅದು ನಿಜವೇ ಆಗಿತ್ತು. ಎರಡನೆಯ ಸಲ ಅವನು ಬಸ್ಸಿನ ವೇಳೆ ನೋಡಿಕೊಂಡು ಹೊರಟ.

ಹೀಗೆ ಶುರುವಾದದ್ದು ಮೂವತ್ತಮೂರು ವರ್ಷ ನಡೆಯಿತು. ಮಗ ಸುರಜನ ತೊಟ್ಟಿಲ ದಿನ, ಹೊಸ ಮನೆಯ ಪೂಜೆಯ ದಿನ, 1999ರ ಮೇ 23ರಂದು ಮಗಳು ನೀಲಮಳ ಮದುವೆಯ ದಿನ, ಕಾಕಾಸಾಹೇಬ ತಪ್ಪದೆ ಬಂದ, ಕೈ ತುಂಬ ಉಡುಗೊರೆ ತಂದ, ದೀಪ ಹಚ್ಚಿದ ಮೇಲೆಯೇ ಬಂದ. ಸುಂದರಾ ಪ್ರತಿ ಸಲ, "ಆತ ಬಿಡ್ರಿ ಅಣ್ಣಾರ, ಮುಂದಿನ ಸಲಾ ಲಗೂ ಬರ್ರಿ" ಎನ್ನುತ್ತಿದ್ದಳು.  ಜ್ಞಾನದೇವ ನಿಪ್ಪಾಣಿಗೆ ಬಂದರೆ ಇಬ್ಬರೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹರಟೆ ಹೊಡೆಯುತ್ತ ಉಪ್ಪಿಟ್ಟು ತಿನ್ನುತ್ತಿದ್ದರು. ಹೋಟೆಲು ಯಾರ ಮನೆಯೂ ಅಲ್ಲವಲ್ಲ. ಅಲ್ಲಿಂದ ಬೋರಗಾಂವ ದೂರವೇನಲ್ಲ, ಆದರೂ 'ಮನೆಗೆ ನಡಿ' ಎಂಬ ಮಾತು ಕಾಕಾಸಾಹೇಬನ ಬಾಯಿಂದ ಬರಲಿಲ್ಲ. ಯಾವ ವರ್ಷದಿಂದಲೋ ತಿಳಿಯದು, ಜ್ಞಾನದೇವನ ಬಾಯಿಂದ 'ಲೇ' ಬಿದ್ದುಹೋಗಿ 'ರೀ' ಬಂದಿತ್ತು.

ಇದರಲ್ಲಿ ಇನ್ನೂ ನಾಚಿಕೆಗೇಡಿನ ಸಂಗತಿಯೊಂದಿತ್ತು. ನೌಕಾಪಡೆ ಬಿಟ್ಟು ಬಂದ ಕಾಕಾಸಾಹೇಬ ನೇಕಾರರ ಸೊಸಾಯಿಟಿಯ ಕಾರ್ಯದರ್ಶಿಯಾದ. ಕೆಲಸ ಮುಗಿಸಿ ಮನೆಗೆ ಬರುವುದು ರಾತ್ರಿ ಎಂಟಾಗುತ್ತಿತ್ತು. 1985ರ ಮಳೆಗಾಲದಲ್ಲಿ ತಾಯಿ ತೀರಿಕೊಂಡ ಮೇಲೆ ಅವನು ವ್ರತ ಬಿಟ್ಟ. ತನ್ನ ಮನೆಯಲ್ಲಿ ಅವನು ರಾತ್ರಿಯೇ ಉಣ್ಣುತ್ತಿದ್ದ. ಆ ವ್ರತ ಉಳಿದದ್ದು ಅಂಕಲಿಯಲ್ಲಿ, ಜ್ಞಾನದೇವನ ಹೊಸ್ತಿಲಲ್ಲಿ ಮಾತ್ರ.

2011ಕ್ಕೆ ಯುದ್ಧ ಮುಗಿದು ನಲವತ್ತು ವರ್ಷ. ಕಾಕಾಸಾಹೇಬನ ಮಗ ಜಿನೇಂದ್ರ ಬೋರಗಾಂವದಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದ. ಅವನೂ ಅವನ ಗೆಳೆಯರೂ ಕೂಡಿ ನೌಕಾಪಡೆಯ ದಿನವೂ ಭಾನುವಾರವೂ ಆದ ಡಿಸೆಂಬರ್ 4ರಂದು ಸತ್ಕಾರ ಸಮಾರಂಭ ಇಟ್ಟುಕೊಂಡರು. ಜ್ಞಾನದೇವನಿಗೂ ಸತ್ಕಾರವಾಗಬೇಕೆಂದು ಕಾಕಾಸಾಹೇಬ ಹಟ ಹಿಡಿದ. ಆಮಂತ್ರಣ ಕೊಡಲು ನವೆಂಬರ್ 20ರಂದು ಅಪ್ಪ ಮಗ ಇಬ್ಬರೂ ಕಾರಿನಲ್ಲಿ ಹೊರಟರು. ಎಂದಿನಂತೆ ಮುಟ್ಟಿದ್ದು ದೀಪ ಹಚ್ಚಿದ ಮೇಲೆ.

ಸುಂದರಾ ಒಂದೇ ತಾಟಿನಲ್ಲಿ ಅವಲಕ್ಕಿ ಚೂಡಾ ತಂದು ಜಿನೇಂದ್ರನ ಮುಂದಿಟ್ಟಳು.

"ತಗೋರಿ ತಮ್ಮಾ. ನಿಮ್ಮಪ್ಪಾರಿಗೆ ಹೊತ್ತ ಮುಳಗಿದ ಮ್ಯಾಲ ನಡಿಯೂದಿಲ್ಲ. ನೀವರೆ ತಿನ್ರಿ."

ಜಿನೇಂದ್ರ ಬಾಯಿ ತುಂಬ ನಕ್ಕ. "ಯಾರಿಗ್ರಿ ಮಾವಶಿ, ನಮ್ಮಪ್ಪಗ? ರಾತ್ರಿ ಒಂಬತ್ತಕ್ಕ ಟೀವ್ಯಾಗ ಬಾತಮಿ ನೋಡಕೋತ ಮೂರ ರೊಟ್ಟಿ ಹೊಡಿತಾರ್ರಿ ಅವರು! ಮ್ಯಾಲ ಒಂದ ಚರಿಗಿ ಮಜ್ಜಿಗಿ. ನಮ್ಮ ಅವ್ವ ಬೈದ ಬೈದ ಸಾಕಾಗ್ಯಾಳ."

ಯಾರೂ ನಗಲಿಲ್ಲ. ಸುಂದರಾ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ನಿಂತಳು. ಕಾಕಾಸಾಹೇಬನ ಕಿವಿ ಕಾದವು. ನೆಲ ಬಾಯಿ ಬಿಡಲಿ ಎನ್ನಿಸಿತು. ಕೊನೆಗೆ ಮಾತು ಎತ್ತಿಕೊಂಡವನು ಜ್ಞಾನದೇವನೇ.

"ಹಡಗದ ಮ್ಯಾಲ ಸೂರ್ಯಾ ದೊಡ್ಡ ಸಾಹೇಬ ಇರತಿದ್ದ, ತಮ್ಮಾ. ಊರಾಗ ಅಂವಗ ಯಾರ ಕಿಮ್ಮತ್ ಕೊಡತಾರ? ತಿನ್ನು ತಿನ್ನು, ಚೂಡಾ ಮೆತ್ತಗ ಆಗತೈತಿ."

ತನ್ನ ಮಾನ ಕಾಪಾಡಲೆಂದೇ ಅವನು ಆ ಹಗುರ ಮಾತಾಡಿದ ಎಂಬುದು ಕಾಕಾಸಾಹೇಬನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಆ ಉರಿಯಲ್ಲಿ ಅವನ ಬಾಯಿಂದ ಮಾತು ಹೊರಬಿತ್ತು.

"ನಾಲ್ಕನೇ ತಾರೀಖಿಗೆ ನೀವಿಬ್ಬರೂ ನಮ್ಮನಿಗೆ ಊಟಕ್ಕ ಬರಬೇಕು. ಹೊರಗ ಅಲ್ಲ, ನಮ್ಮ ಮನ್ಯಾಗ. ನನ್ನ ಬಾಜೂಕ ಕುಂತ ಉಣ್ಣಬೇಕು, ಜ್ಞಾನದೇವ."

"ಮನ್ಯಾಗ ಕೇಳಿ ಹೇಳ್ರಿ."

"ಮನಿ ನಂದ ಐತಿ."

"ಹಂಗಂತೀರಿ?" ಜ್ಞಾನದೇವ ಹೆಂಡತಿಯ ಮುಖ ನೋಡಿದ. "ಬರ್ತೀವಿ ಹಂಗಾರ."

ಮರಳುವಾಗ ಜಿನೇಂದ್ರ ಕೇಳಿದ, "ಅಪ್ಪಾ, ನಾ ಏನರೆ ತಪ್ಪ ಮಾತಾಡಿದ್ನೇನ್ರಿ?"

"ಇಲ್ಲ. ರಸ್ತಾ ನೋಡಿ ಹೊಡಿ."

ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬ ಮನಸ್ಸು ಅವನಿಗೆ ನಿಜಕ್ಕೂ ಇತ್ತು. ಡಿಸೆಂಬರ್ 3ರ ಮುಂಜಾನೆ ಹೆಂಡತಿ ಚಂದ್ರಮತಿ ಅಕ್ಕಿ ಆರಿಸುತ್ತ ಅವನನ್ನೇ ಕೇಳಿದಳು.

"ಅಂಕಲಿಯವರನ್ನ ಎಲ್ಲಿ ಕುಂದ್ರಸೂದ್ರಿ?"

ಒಳಗೆ, ನನ್ನ ಪಕ್ಕದಲ್ಲಿ ಎಂದರೆ ಮುಗಿಯುತ್ತಿತ್ತು. ಕಾಕಾಸಾಹೇಬ ಕನ್ನಡಕ ಒರೆಸಿದ.

"ಒಳಗ ಯಾರೂ ಬ್ಯಾಡ. ಅಂಗಳದಾಗ ಸಾಲಾಗಿ ಎಲ್ಲಾರಿಗೂ ಪತ್ರೋಳಿ ಹಾಕಸು. ನಾನೂ ಅಲ್ಲೇ ಕುಂದರತೀನಿ."

"ಚೇರಮನ್ ಧನಪಾಲ ಚೌಗುಲೆರಿಗೂ?"

"ಎಲ್ಲಾರಿಗೂ ಅಂದೆ."

ಚಂದ್ರಮತಿ ಮೊರ ಕೆಳಗಿಟ್ಟಳು. "ನೀವು ಗಟ್ಟಿಯಾಗಿ ಹೇಳೂದಾದ್ರ ಹೇಳ್ರಿ. ನಾ ಒಳಗ, ನಮ್ಮ ತಾಟಿನ್ಯಾಗ ಬಡಸತೀನಿ. ಮಂದಿ ಏನರೆ ಅನ್ನಲಿ. ನನಗೇನ ಅಡ್ಡಿ ಇಲ್ಲ."

"ಯಾಕ ಸುಮ್ಮ ತ್ರಾಸ? ಅಂಗಳದಾಗ ಆದ್ರ ಎಲ್ಲಾರೂ ಒಂದ ಆದಂಗಾತು."

ಯಾರ ಮನಸ್ಸನ್ನೂ ನೋಯಿಸದ, ಎಲ್ಲರನ್ನೂ ಸಮ ಮಾಡುವ ಉಪಾಯ ಹೊಳೆಯಿತೆಂದು ಅವನು ಆಗ ತನ್ನನ್ನು ತಾನೇ ಮೆಚ್ಚಿಕೊಂಡ. ಆ ಮೆಚ್ಚಿಕೆಯನ್ನು ನೆನೆದರೆ ಮುಂದೆ ಅವನಿಗೆ ಮೈ ಮುದುಡುತ್ತಿತ್ತು.

ಮರುದಿನ ಊರ ಬಾಗಿಲಲ್ಲಿ ಎರಡಾಳೆತ್ತರದ ಫ್ಲೆಕ್ಸ್ ಎದ್ದಿತ್ತು. ಅದರಲ್ಲಿ ಕಾಕಾಸಾಹೇಬನ ಪಾಸ್‌ಪೋರ್ಟ್ ಫೋಟೋ ಆಳೆತ್ತರ ಹಿಗ್ಗಿ, ಹಿಂದೆ ಭಾರೀ ಹಡಗೊಂದು ತೇಲುತ್ತಿತ್ತು. ಜ್ಞಾನದೇವನ ಹೆಸರು ಕೆಳಗೆ ಮೂಲೆಯಲ್ಲಿ ಸಣ್ಣಗೆ ಇತ್ತು. ಬಸ್ಸಿಳಿದು ಬಂದ ಜ್ಞಾನದೇವ ಅದರ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದ.

"ಇದ್ಯಾವ ಹಡಗರಿ? ಇದರ ಮ್ಯಾಲ ಇಮಾನ ನಿಂತಾವ!"

"ಜಿನೇಂದ್ರಗ ಇಂಟರ್ನೆಟ್ಟಿನ್ಯಾಗ ಸಿಕ್ಕಿದ್ದು. ಅಮೇರಿಕಾದ್ದ ಇರಬೇಕು."

"ಛಲೋ ಆತು. ಅವತ್ತ ನಾವು ಇದರಾಗ ಇದ್ದಿದ್ರ ನನ್ನ ಕೈ ಉಳೀತಿತ್ತು."

ಸುಂದರಾ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ನೀಲಮಳ ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು.

ಸಮಾರಂಭ ಚೆನ್ನಾಗಿಯೇ ನಡೆಯಿತು. ಇಬ್ಬರ ತಲೆಗೂ ಕೇಸರಿ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಕಾಕಾಸಾಹೇಬ ರಣಕೇಸರಿಯ ಚರಿತ್ರೆಯನ್ನು 1942ರಿಂದ ತಾರೀಖುವಾರು ಹೇಳತೊಡಗಿದಾಗ ಹಿಂದಿನ ಸಾಲಿನವರು ಆಕಳಿಸಿದರು. ಡಿಸೆಂಬರ್ 12ಕ್ಕೆ ಬಂದಾಗ ಅವರೇ ಮುಂದಕ್ಕೆ ಬಾಗಿ ಕೂತರು. "ಈ ಕೈ ಇಲ್ಲದಿದ್ರ ನಾ ಇಲ್ಲಿ ಮಾತಾಡಾಕ ಇರತಿದ್ದಿಲ್ಲ" ಎಂದು ಅವನು ಗೆಳೆಯನ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಚಪ್ಪಾಳೆ ಬಹಳ ಹೊತ್ತು ಬಿತ್ತು. ಜ್ಞಾನದೇವ ಮಾತ್ರ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಶಾಲಿನೊಳಗೆ ಎಳೆದುಕೊಂಡ.

ಊಟಕ್ಕೆ ಅಂಗಳದ ಹಾಸುಗಲ್ಲಿನ ಮೇಲೆ ಸಾಲಾಗಿ ಪತ್ರೋಳಿ ಎಲೆ ಹಾಕಿದ್ದರು. ಜ್ಞಾನದೇವನೂ ಸುಂದರಾಳೂ ನುಗ್ಗೆಮರದ ಬುಡದಲ್ಲಿ ಕೂತರು. ತನ್ನ ಪಕ್ಕದ ಎಲೆಯನ್ನು ಬೇರೆ ಯಾರೂ ಹಿಡಿಯದಿರಲೆಂದು ಜ್ಞಾನದೇವ ಫೇಟಾ ಬಿಚ್ಚದೆ ಹಾಗೆಯೇ ತಲೆಯಿಂದ ತೆಗೆದು ಅದರ ಹಿಂದಿಟ್ಟ. ಕೇಳಿದವರಿಗೆ, "ಕಾಕಾಸಾಹೇಬರದ ಜಾಗಾ" ಎಂದ.

ಆ ಹೊತ್ತಿಗೆ ಸೊಸಾಯಿಟಿಯ ಚೇರಮನ್ ಧನಪಾಲ ಚೌಗುಲೆ ಹೊಸ್ತಿಲ ಬಳಿ ನಿಂತು ಕೂಗಿದ.

"ಕಾಕಾಸಾಹೇಬ, ನೆಲಕ್ಕ ಕುಂದ್ರಾಕ ನನ್ನ ಮೊಣಕಾಲ ಎಲ್ಲಿ ಕೇಳತಾವೋ! ಒಳಗ ಟೇಬಲ್ ಐತೆಲ್ಲ? ಬಾ, ನೀನೂ ಬಾ. ಇವತ್ತಿನ ಮದುಮಗಾ ನೀ, ನೀ ಇಲ್ದ ನಾ ಹೆಂಗ ಉಣ್ಣಲಿ?"

ಕಾಕಾಸಾಹೇಬ ನುಗ್ಗೆಮರದ ಕಡೆ ನೋಡಿದ. ಫೇಟಾ ಕಂಡಿತು. ಜ್ಞಾನದೇವನೂ ಬರಲಿ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಚೌಗುಲೆ ಆಗಲೇ ಅವನ ಹೆಗಲ ಮೇಲೆ ಕೈ ಹಾಕಿದ್ದ. ಎರಡು ತುತ್ತು ತಿಂದ ಹಾಗೆ ಮಾಡಿ ಹೊರಗೆ ಬಂದರಾಯಿತು ಎಂದು ತನಗೆ ತಾನೇ ಹೇಳಿಕೊಂಡು ಅವನು ಒಳಗೆ ಹೋದ.

ಎರಡು ತುತ್ತಿಗೆ ಮುಗಿಯಲಿಲ್ಲ. ಚೌಗುಲೆ ಚುನಾವಣೆಯ ಮಾತು ತೆಗೆದ, ಮುಗಿಸಲಿಲ್ಲ. ಕಿಟಕಿಯಾಚೆ ಜ್ಞಾನದೇವ ಯಾರಿಗೋ ಏನೋ ಹೇಳಿ ನಗಿಸುತ್ತಿದ್ದುದು ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಚಂದ್ರಮತಿ ಗಂಡನ ಮುಂದೆ ಸ್ಟೀಲ್ ತಾಟನ್ನು ಸದ್ದಾಗುವಂತೆ ಕುಕ್ಕಿ, ಅವನ ಮುಖ ನೋಡದೆ ಹೋದಳು.

ಅವನು ಹೊರಗೆ ಬಂದಾಗ ಪಂಕ್ತಿ ಎದ್ದಿತ್ತು. ಎಲ್ಲ ಕಡೆಯ ಹಾಗೆ ಉಂಡವರು ಎಲೆ ಬಿಟ್ಟು ಕೈ ತೊಳೆಯಲು ಹೋಗಿದ್ದರು. ಎತ್ತುವ ಹೆಂಗಸು ಇನ್ನೂ ಬಂದಿರಲಿಲ್ಲ. ನುಗ್ಗೆಮರದ ಬುಡದಲ್ಲಿ ಮಾತ್ರ ಎರಡು ಎಲೆ ಇರಲಿಲ್ಲ. ಅವು ಇದ್ದ ಜಾಗದಲ್ಲಿ ಹಾಸುಗಲ್ಲು ನೀರು ಹಾಕಿ ಒರೆಸಿ ತೇವವಾಗಿತ್ತು. ಪಕ್ಕದಲ್ಲಿ ಕಾಕಾಸಾಹೇಬನ ಎಲೆ, ಅನ್ನ, ಬುಂದಿ, ಪೂರಿ ಎಲ್ಲ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಇರುವೆ ಹತ್ತಿದ್ದವು.

ಜಿನೇಂದ್ರ ಬಂದು ಹೇಳಿದ. "ಅವರು ಹೋದ್ರಪಾ. ಬಸ್ ಐತಿ ಅಂದ್ರು. ತಮ್ಮ ಎಲಿ ತಾವ ಎತ್ತಿದ್ರು, ಬ್ಯಾಡ ಅಂದ್ರೂ ಕೇಳಲಿಲ್ಲ. ಮಾವಶಿ ಜಾಗಾನೂ ಒರಿಸಿದ್ರು ನೋಡ್ರಿ. ಭಾಳ ಸ್ವಚ್ಛ ಮಂದಿ."

 ಕಾಕಾಸಾಹೇಬ ಚಿಕ್ಕವನಿದ್ದಾಗ ಇದೇ ಅಂಗಳದ ಇದೇ ಮೂಲೆಯಲ್ಲಿ ಕೇರಿಯವರನ್ನು ಕೂರಿಸುತ್ತಿದ್ದರು. ಉಂಡು ಎದ್ದವರು ತಮ್ಮ ಎಲೆ ತಾವೇ ಎತ್ತಿ, ಕೂತ ಜಾಗವನ್ನು ತಾವೇ ತೊಳೆದು ಹೋಗಬೇಕಿತ್ತು. ಮಗನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವನು ಅಂದು ಆ ಅಂಗಳದಲ್ಲಿ ತಾನೊಬ್ಬನೇ.

ಒಂದು ವಾರ ಅವನು ಮನೆಯಿಂದ ಹೊರಬೀಳಲಿಲ್ಲ. ಸತ್ಕಾರದ ಶಾಲನ್ನು ಚಂದ್ರಮತಿ ಗೂಟಕ್ಕೆ ತೂಗುಹಾಕಿದರೆ ಅವನು ತೆಗೆದು ಟ್ರಂಕಿನ ಅಡಿಗೆ ತುರುಕಿದ. ಡಿಸೆಂಬರ್ 11ರ ಭಾನುವಾರ ಮುಂಜಾನೆ, ಏನೂ ತಿನ್ನದೆ, ಬಸ್ಸು ಹತ್ತಿದ. ಅಂಕಲಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಆ ಕೇರಿಯನ್ನು ಅವನು ಹಗಲಿನಲ್ಲಿ ನೋಡಿದ್ದು ಅದೇ ಮೊದಲು. ಜ್ಞಾನದೇವನ ಮನೆಯ ಗೋಡೆಗೆ ತಿಳಿನೀಲಿ ಬಣ್ಣವಿತ್ತು. ಅದೂ ಅವನಿಗೆ ಗೊತ್ತಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಬನ್ನಿ ಎಂದರು, ಚಾಪೆ ಹಾಕಿದರು, ನೀರು ಕೊಟ್ಟರು. ಮಾತು ಸ್ವಲ್ಪ ಹೊತ್ತು ಚಳಿಯ ಬಗ್ಗೆ, ಕಬ್ಬು ಕಡಿಯುವವರ ಬಗ್ಗೆ ಸುತ್ತಾಡಿತು. ನಡುವೆ ಸುಂದರಾಳೇ, ಶೇಂಗಾದಿಂದ ಕಣ್ಣೆತ್ತದೆ ಹೇಳಿದಳು.

"ಜಾಗಾ ಒರಿಸಿದಾಕಿ ನಾನ್ರಿ ಅಣ್ಣಾರ. ಇವರಲ್ಲ. ಇವರು ಬ್ಯಾಡ ಬಾ ಅಂದ್ರು."

"ಸುಂದರಾ..." ಎಂದು ಗಂಡ ತಡೆದ.

"ಸಿಟ್ಟಿಗೆದ್ದ ಒರಿಸಿದ್ದಲ್ರಿ. ನಮ್ಮ ಅತ್ತಿ ಒರಸತಿದ್ಲು, ದೊಡ್ಡವರ ಮನ್ಯಾಗ. ನಾ ಈ ಮನಿಗೆ ಬಂದ ಮ್ಯಾಲ ಎಂದೂ ಒರಿಸಿದಾಕಿ ಅಲ್ಲ. ಇವರ ಒರಸಗೊಟ್ಟಿಲ್ಲ. ಅವತ್ತ ಆ ಬಡಿಸಿದ ಎಲಿ ನೋಡಕೋತ ಕುಂತಿದ್ನಿ. ನೀವು ಬರತೀರಿ ಬರತೀರಿ ಅಂತ ಇವರು ಕೈ ಹಚ್ಚವಲ್ರು. ಅನ್ನಾ ಆರಿ ಹೋತು. ಆಮ್ಯಾಲ ಉಂಡ ಏಳೂದ ತಡಾ, ನನ್ನ ಕೈ ತಾನ ಹೋತು ನೋಡ್ರಿ. ಬಸ್ಸಿನ್ಯಾಗ ಕುಂತ ಮ್ಯಾಲ ನನಗ ನಂದ ನಾಚಿಕಿ ಬಂತು. ಎಲ್ಲಿ ಕಲತಿದ್ದೆ ಇದನ್ನ ಅಂತ."

ನಾಚಬೇಕಾದವನು ನಾನು ಎಂದು ಹೇಳಲು ಕಾಕಾಸಾಹೇಬ ಬಾಯಿ ತೆರೆದ.  ಬೇರೆಯೇ ಒಂದು ಮಾತು ಬಂತು.

"ಇವತ್ತ ನಾ ಉಣ್ಣಾಕ ಬಂದೀನವಾ."

ಸುಂದರಾ ಗಂಡನ ಕಡೆ ನೋಡಿದಳು. ಜ್ಞಾನದೇವ ಶೇಂಗಾದ ಸಿಪ್ಪೆ ಕೊಡವಿ ಎದ್ದ.

"ಹಾಕು. ಹಸದ ಬಂದಾರ." ಆಮೇಲೆ ಕಾಕಾಸಾಹೇಬನಿಗೆ, "ನಂದ ಆಗೇತ್ರಿ. ನೀವು ಉಣ್ರಿ. ನಾ ಎಮ್ಮಿ ಹೊಡಕೊಂಡ ಹೊಳಿಗೆ ಹೋಗಿ ಬರ್ತೀನಿ."

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೇಲೆ ಕೆನೆಮೊಸರು. ಮೂವತ್ತಮೂರು ವರ್ಷ ಬೇಡವೆಂದ ಊಟ ಅದು. ಕಾಕಾಸಾಹೇಬ ಒಬ್ಬನೇ ಕೂತು ಉಂಡ. ಒಲೆಯ ಬದಿಗೆ ಇಬ್ಬರ ಅನ್ನದ ಗಡಿಗೆ ಮುಚ್ಚಳ ತೆರೆಯದೆ ಕೂತಿತ್ತು. ಜ್ಞಾನದೇವ ಇನ್ನೂ ಉಂಡಿರಲಿಲ್ಲ. ಅಂಥ ಸುಳ್ಳನ್ನು ಗುರುತಿಸುವುದು ಕಾಕಾಸಾಹೇಬನಿಗೆ ಕಷ್ಟವಾಗಲಿಲ್ಲ. ಸುಂದರಾ ಎರಡನೆಯ ರೊಟ್ಟಿ ಹಾಕಿದಳು, ಮೂರನೆಯದನ್ನೂ ಹಾಕಿದಳು, ಬಡಿಸುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಹತ್ತಿರ ಕೂತು ಮಾತಾಡಲಿಲ್ಲ, ಅಷ್ಟೇ.

ಉಂಡು ಬಹಳ ಹೊತ್ತಾದರೂ ಜ್ಞಾನದೇವ ಬರಲಿಲ್ಲ.

"ಅವರು ಲಗೂ ಬರೂದಿಲ್ರಿ," ಎಂದಳು ಸುಂದರಾ. "ನಿಮ್ಮ ಬಸ್ ತಪ್ಪತೈತಿ."

ಅವನು ಎದ್ದು ಕೃಷ್ಣೆಯ ದಾರಿ ಹಿಡಿದ. ದಂಡೆಯ ಕೆಳಗೆ ಎಮ್ಮೆ ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ಕಣ್ಣು ಮುಚ್ಚಿತ್ತು. ಜ್ಞಾನದೇವ ಧೋತರ ಎತ್ತಿ ಕಟ್ಟಿ ಕಲ್ಲಿನ ಮೇಲೆ ಕೂತಿದ್ದ. ಕಾಕಾಸಾಹೇಬ ದಂಡೆಯ ಮೇಲೆ ನಿಂತ. ಕ್ಷಮೆ ಕೇಳಬೇಕೆಂದೇ ಬಂದಿದ್ದ. ಆದರೆ ಕೇಳಿದರೆ ಅದನ್ನು ಕೊಡಬೇಕಾದವನೂ ಜ್ಞಾನದೇವನೇ. ಇನ್ನೂ ಎಷ್ಟನ್ನು ಅವನ ಕಡೆಯಿಂದ ಇಸಿದುಕೊಳ್ಳುವುದು? ಅವನು ನಿಂತೇ ಇದ್ದ. ಸೇತುವೆಯ ಮೇಲೆ ಚಿಕ್ಕೋಡಿಯ ಬಸ್ಸು ಹಾರನ್ ಹೊಡೆಯುತ್ತ ಹೋಯಿತು.

ಜ್ಞಾನದೇವ ತಿರುಗಿ ನೋಡಿದ.

"ಬಸ್ ಹೋತಲ್ರಿ?"

"ಹೋತು."

"ಇನ್ನ ಮೂರರ ತನಕಾ ಇಲ್ಲ."  ಅವನು ಎಮ್ಮೆಯನ್ನು ಗದರಿಸಿ ಮೇಲೆ ಹತ್ತಿಸಿ, ಅದರ ಕುತ್ತಿಗೆಯ ಹಗ್ಗವನ್ನು ಎಡಗೈಯಿಂದ ಜಗ್ಗಿದ. "ಈ ಗಂಟ ನೀರಾಗ ಬಿಗದೈತಿ. ಚಳ್ಯಾಗ ನನ್ನ ಕೈ ನಡಿಯೂದಿಲ್ಲ. ಬಿಚ್ಚತೀರೇನು?"

ಕಾಕಾಸಾಹೇಬ ಚಪ್ಪಲಿ ಬಿಟ್ಟು ಕೆಸರಿಗಿಳಿದ. ಹಗ್ಗ ಒದ್ದೆಯಾಗಿ ಕಲ್ಲಾಗಿತ್ತು. ಎಮ್ಮೆ ತಲೆ ಕೊಡವಿದರೆ ಅವನ ಅಂಗಿಯ ತುಂಬ ನೀರು ಸಿಡಿಯಿತು. ಉಗುರು ಹಾಕಿದ, ಹಲ್ಲು ಹಚ್ಚಿದ. ಅವನು ಬಗ್ಗಿ ಒದ್ದಾಡುವಷ್ಟು ಹೊತ್ತೂ ಜ್ಞಾನದೇವ ಎಮ್ಮೆಯ ಕೊಂಬು ಹಿಡಿದು ನಿಂತಿದ್ದ. ಆ ಬಲಗೈ ಕಾಕಾಸಾಹೇಬನ ಮುಖದ ಹತ್ತಿರವೇ ಇತ್ತು. ಅವನು ಅದರ ಕಡೆ ಕಣ್ಣೆತ್ತಲಿಲ್ಲ. ಗಂಟು ಕೊನೆಗೆ ಸಡಿಲಿತು.

"ನಡೀರಿ," ಎಂದು ಜ್ಞಾನದೇವ ಮುಂದೆ ಹೊರಟ. ಕಾಕಾಸಾಹೇಬ ಹಗ್ಗದ ತುದಿ ಹಿಡಿದು, ಎಮ್ಮೆಯ ಹಿಂದೆ, ಕೇರಿಯ ಕಡೆ ನಡೆದ.